ಹದಿನಾರು ಮಷೀನಿನ ಮೇಲೆ ಒಂದು ಟವಲು

ಬೇಗೂರಿನ ಕುಮಾರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎದ್ದು ಹೈವೇ ಪಕ್ಕ ನಿಂತು ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಾಳೆ. ಊಟಿ ಕಡೆ ಹೋಗುವ ಕಾರುಗಳು ಮುಖಕ್ಕೆ ಧೂಳು ಎರಚಿ ಹೋಗುತ್ತವೆ. ಬಸ್ಸು ಬಂದರೆ ಬಾಗಿಲಲ್ಲೇ ಜನ ನೇತಾಡುತ್ತಿರುತ್ತಾರೆ. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅವಳು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎರಡು ದಿನ ಇದ್ದು, ಉಂಡು, ಎಲೆ ಅಡಿಕೆ ಹಾಕಿಕೊಂಡು ಹೊರಡುವವರು ಎಂದು ನಾವೆಲ್ಲ ತಿಳಿದಿದ್ದೇವೆ. ಕುಮಾರಿ ಹನ್ನೊಂದು ವರ್ಷದಿಂದ ಅತಿಥಿಯಾಗಿದ್ದಾಳೆ. ಪ್ರತಿ ಜೂನ್‌ನಲ್ಲಿ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಾಳೆ, ಕರೆದರೆ ಹೋಗುತ್ತಾಳೆ.

ಈ ಸಲ ಪ್ರಿನ್ಸಿಪಾಲರು ಕರೆದು ಮೆಲ್ಲಗೆ ವಿಷಯ ತಿಳಿಸಿದ್ದರು. ಪಿಎಚ್‌ಡಿ ಇದ್ದವರಿಗೇ ಮೊದಲ ಆದ್ಯತೆ, ಇಲ್ಲದವರನ್ನು ಮುಂದಿನ ವರ್ಷ ಉಳಿಸಿಕೊಳ್ಳುವುದು ತಮ್ಮ ಕೈಯಲ್ಲಿಲ್ಲ ಎಂದು. ಕುಮಾರಿಯ ಪಿಎಚ್‌ಡಿ ಏನೋ ಇತ್ತು, ಆದರೆ ಮುಗಿದಿರಲಿಲ್ಲ. ಗಡುವನ್ನು ಆಗಲೇ ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಿದ್ದಳು. ಮೂರನೇ ಸಲ ಹಾಕುವುದಿಲ್ಲ ಎಂದು ವಿಶ್ವವಿದ್ಯಾಲಯದವರು ಕಡ್ಡಿ ಮುರಿದಂತೆ ಹೇಳಿದ್ದರು. ಈ ತಿಂಗಳ ಕೊನೆಯೊಳಗೆ ಪ್ರಬಂಧ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಬಂಧದಲ್ಲಿ ಎಲ್ಲವೂ ಬರೆದಾಗಿತ್ತು, ಕೊನೆಯ ಅಧ್ಯಾಯವೊಂದು ಬಿಟ್ಟು. ಆ ಅಧ್ಯಾಯಕ್ಕೆ ಬೇಕಾದ ಲೆಕ್ಕವನ್ನು ಮಾಡಬೇಕಾದದ್ದು ಅವಳಲ್ಲ, ಬೆಂಗಳೂರಿನಲ್ಲಿದ್ದ ಕಂಪ್ಯೂಟರ್ ಮಷೀನುಗಳು.

ಅವಳ ವಿಷಯ ಕಾಡಿನ ಬೆಂಕಿ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಒಣಹುಲ್ಲಿಗೆ ಬಿದ್ದ ಕಿಡಿ, ಗಾಳಿ ಹೀಗೆ ಬೀಸಿದರೆ ಎತ್ತ ಓಡುತ್ತದೆ, ಲಂಟಾನ ಪೊದೆ ದಟ್ಟವಾಗಿರುವ ಕಡೆ ಎಷ್ಟು ಜೋರಾಗುತ್ತದೆ, ಬೆಟ್ಟದ ಏಣು ದಾಟಿ ಆಚೆ ಇಳಿಯುತ್ತದೋ ಇಲ್ಲವೋ ಎಂಬುದು. ಅವಳ ಅಪ್ಪ ಮೂಗಯ್ಯ ಬೇಸಿಗೆ ಬಂತೆಂದರೆ ಬೆಂಕಿ ಕಾವಲಿನ ದಿನಗೂಲಿಗೆ ಹೋಗುತ್ತಿದ್ದವನು. ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಬಡಿದು ಬೆಂಕಿ ಆರಿಸಿ, ರೆಪ್ಪೆ ಸುಟ್ಟುಕೊಂಡು ಮನೆಗೆ ಬರುತ್ತಿದ್ದ. ಈ ವಿಷಯ ಯಾಕೆ ಹಿಡಿದೆ ಎಂದು ಯಾರಾದರೂ ಕೇಳಿದರೆ ಕುಮಾರಿ ಅಪ್ಪನ ಮಾತೆತ್ತುವುದಿಲ್ಲ. ಸರ್ ಕೊಟ್ಟರು, ತಗೊಂಡೆ ಎನ್ನುತ್ತಾಳೆ.

ಸರ್ ಎಂದರೆ ಮಲ್ಲಿಕಾರ್ಜುನಸ್ವಾಮಿ, ಚಾಮರಾಜನಗರದ ಊರಾಚೆಯ ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲಿ ಅವಳ ಮಾರ್ಗದರ್ಶಕರು. ಇಂಥ ಬೆಂಕಿಯ ಲೆಕ್ಕ ಒಂದು ಕಂಪ್ಯೂಟರಿನಲ್ಲಿ ಮುಗಿಯುವಂಥದ್ದಲ್ಲ. ಬೆಟ್ಟವನ್ನು ಹದಿನಾರು ತುಂಡು ಮಾಡಿ ಒಂದೊಂದನ್ನು ಒಂದೊಂದು ಮಷೀನಿಗೆ ಕೊಡಬೇಕು. ತನ್ನ ತುಂಡಿನ ಅಂಚಿಗೆ ಬಂದ ಬೆಂಕಿಯನ್ನು ಆ ಮಷೀನು ಪಕ್ಕದ್ದಕ್ಕೆ ದಾಟಿಸಬೇಕು. ಆದ್ದರಿಂದ ಹದಿನಾರೂ ಒಟ್ಟಿಗೇ ಸಿಗಬೇಕು. ಅರಿಶಿನ ಬೇಯಿಸುವ ದಿನ ಅರ್ಧ ಆಳು ಬಂದು ಅರ್ಧ ಆಳು ಬರದಿದ್ದರೆ ಏನು ಪ್ರಯೋಜನ? ಹಾಗೆಯೇ ಇದೂ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಇಂಥ ನೂರಾರು ಮಷೀನುಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿಟ್ಟಿದ್ದರು. ಹತ್ತಾರು ಕಾಲೇಜುಗಳಿಗೆ ಅದೇ ಗತಿ. ಇಷ್ಟು ಮಷೀನು ಬೇಕು, ಇಷ್ಟು ಹೊತ್ತು ಬೇಕು ಎಂದು ಬರೆದು ಜಾಬ್ ಹಾಕಬೇಕು. ಹಾಕಿದ್ದು ಕ್ಯೂನಲ್ಲಿ ನಿಲ್ಲುತ್ತದೆ. ಸರದಿ ಬಂದಾಗ ಓಡುತ್ತದೆ, ಹಗಲೋ ರಾತ್ರಿಯೋ ಅದಕ್ಕೇ ಗೊತ್ತು.

ಈ ಕ್ಯೂನ ತಮಾಷೆ ಏನೆಂದರೆ, ತುದಿ ಮುಟ್ಟಿದರೂ ಕೆಲಸ ಆಯಿತೆಂದು ಹೇಳುವಂತಿಲ್ಲ. ಮೊದಲ ಸಲ ಕುಮಾರಿ ಕಡತದ ಹೆಸರು ತಪ್ಪು ಬರೆದಿದ್ದಳು. ವಾರಗಟ್ಟಲೆ ಕಾದ ಜಾಬ್ ಶುರುವಾದ ಗಳಿಗೆಯಲ್ಲೇ ಸತ್ತಿತು. ಎರಡನೇ ಸಲ ಜಾಸ್ತಿ ಹೊತ್ತು ಕೇಳಲು ಸಂಕೋಚಪಟ್ಟಳು. ನಾಲ್ಕು ಜನ ಉಣ್ಣುವ ಪಾತ್ರೆಯಿಂದ ಸೌಟು ತುಂಬ ಬಡಿಸಿಕೊಂಡಂತೆ ಅನ್ನಿಸಿ ಕಡಿಮೆ ಕೇಳಿದಳು. ಬೆಂಕಿ ಇನ್ನೇನು ಏಣು ಮುಟ್ಟಬೇಕು ಎನ್ನುವಾಗ ಹೊತ್ತು ಮೀರಿತೆಂದು ನಿಲ್ಲಿಸಿಬಿಟ್ಟರು. ಮೂರನೇ ಸಲ ತಪ್ಪು ಅವಳದಲ್ಲ, ಅಲ್ಲಿ ಒಂದು ಮಷೀನು ಕೆಟ್ಟಿತು, ಉಳಿದ ಹದಿನೈದೂ ಕೈಕಟ್ಟಿ ಕೂತವು. ಪ್ರತಿ ಸಲವೂ ಮತ್ತೆ ಕ್ಯೂನ ಬಾಲಕ್ಕೆ. ಕ್ಯಾಂಪಸ್ಸಿನ ಲ್ಯಾಬಿನಿಂದ ಮಾತ್ರ ಆ ಮಷೀನುಗಳನ್ನು ಮುಟ್ಟಲು ಬಿಡುತ್ತಿದ್ದರು. ಕುಮಾರಿ ಗುಂಡ್ಲುಪೇಟೆಯಲ್ಲಿ ಪಾಠ ಮಾಡುವಾಗ ಜಾಬ್ ಶುರುವಾದರೆ, ಅದು ಓಡಿತೋ ಬಿತ್ತೋ ಎಂದು ತಿಳಿಯಲು ತೆರಕಣಾಂಬಿ ಮೇಲೆ ಬಸ್ಸು ಹಿಡಿದು ಚಾಮರಾಜನಗರಕ್ಕೇ ಹೋಗಬೇಕು.

ಅವಳ ಗಂಡ ಸಿದ್ದಾರ್ಥ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಸಂಜೆ ಮುದ್ದೆ ಮುರಿಯುತ್ತ ಈ ರಾಮಾಯಣವನ್ನೆಲ್ಲ ಕೇಳಿದ. ಅವನಿಗೆ ಅರ್ಥವಾದದ್ದು ಇಷ್ಟು: ಸರದಿ ಬಂದ ಹೊತ್ತಿಗೆ ತನ್ನ ಹೆಂಡತಿ ಅಲ್ಲಿರುವುದಿಲ್ಲ.

"ಅಲ್ಲ ಕಣಮ್ಮಿ," ಎಂದ. "ಬಸ್ ಬಂದೇಟ್ಗೆ ಕಿಟಕಿಲಿ ಟವಲ್ ಎಸ್ದು ಸೀಟ್ ಇಡ್ಕೊಳಲ್ವಾ? ಆಮೇಕೆ ನಿದಾನಕ್ಕೆ ಅತ್ಕೊಂಡು ಬಂದು ಕೂತ್ಕೊತಾರೆ. ನಿನ್ ಮಷೀನ್ಗೆ ಅಂಗೊಂದು ಟವಲ್ ಆಕ್ಬುಡು."

"ಅಲ್ಲೆಲ್ಲಾ ಟವಲ್ ನಡಿಯಲ್ಲ," ಎಂದು ಕುಮಾರಿ ನಕ್ಕಳು. ಆದರೆ ಪಾತ್ರೆ ತೊಳೆಯುವ ಹೊತ್ತಿಗೆ ನಗು ನಿಂತಿತ್ತು. ನಡೆಯುತ್ತದೆ ಎಂದು ಅವಳಿಗೆ ಹೊಳೆದಿತ್ತು. ಏನೂ ಮಾಡದೆ ಸುಮ್ಮನೆ ಮಲಗಿರು ಎಂದು ಹೇಳುವ ಖಾಲಿ ಜಾಬ್ ಒಂದನ್ನು ಹಾಕುವುದು. ಸರದಿ ಬಂದಾಗ ಅದು ಹದಿನಾರು ಮಷೀನು ಹಿಡಿದುಕೊಂಡು ಮಲಗಿರುತ್ತದೆ. ತಾನು ಹೋಗಿ, ಆ ಮಷೀನುಗಳ ಮೇಲೇ ನಿಜವಾದ ಬೆಂಕಿ ಹಚ್ಚುವುದು. ಬಿದ್ದರೆ ಎತ್ತುವುದು, ಮತ್ತೆ ಓಡಿಸುವುದು. ಸೀಟು ತನ್ನದೇ ಆಗಿರುತ್ತದಲ್ಲ!

ಕುಮಾರಿ ಕೆಟ್ಟವಳಲ್ಲ. ಸುಸ್ತಾಗಿದ್ದವಳು. ಸುಸ್ತಾದವರ ತಲೆಗೆ ಉಪಾಯ ಹೊಳೆದರೆ ಅದರ ಹಿಂದುಮುಂದು ನೋಡುವಷ್ಟು ತ್ರಾಣ ಉಳಿದಿರುವುದಿಲ್ಲ. ಮುಂದಿನ ಸಲ ಕ್ಯಾಂಪಸ್ಸಿಗೆ ಹೋದಾಗ ಯಾರಿಗೂ ಹೇಳದೆ ಖಾಲಿ ಜಾಬ್ ಹಾಕಿ ಬಂದಳು. ಯಾರಿಗೂ ಎಂದರೆ, ಲ್ಯಾಬಿನಲ್ಲಿ ಪಕ್ಕದಲ್ಲೇ ಕೂರುವ ಶಾಂತಿಗೂ.

ಶಾಂತಿ ಪುಣಜನೂರಿನವಳು. ಪುಟ್ಟ ಮಗುವನ್ನು ತಾಯಿಯ ಕೈಗೆ ಕೊಟ್ಟು, ಕಾಡಿನ ದಾರಿಯ ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬಂದು ಲ್ಯಾಬಿನ ಬೀಗ ತೆಗೆಯುವವಳು. ಸುವರ್ಣಾವತಿ ಹೊಳೆಗೆ ಮಳೆನೀರು ಹೇಗೆ ಬರುತ್ತದೆ ಎಂಬುದು ಅವಳ ವಿಷಯ. ಅವಳ ಲೆಕ್ಕವೂ ಅದೇ ಮಷೀನುಗಳ ಮೇಲೆ ಓಡಬೇಕು. ಸರ್ ಹೆಸರಿನಲ್ಲಿದ್ದ ಒಂದೇ ಖಾತೆಯನ್ನು ಇಬ್ಬರೂ ಹಂಚಿಕೊಂಡಿದ್ದರು. ಖಾತೆಯೊಳಗೆ ಶಾಂತಿಯದು 'ಮಳೆ' ಎಂಬ ಫೋಲ್ಡರು, ಕುಮಾರಿಯದು 'ಬೆಂಕಿ'. ಖಾತೆಗೆ ಒಮ್ಮೆ ಇಷ್ಟೇ ಮಷೀನು ಎಂದು ಮಿತಿ ಇತ್ತು, ಒಬ್ಬರದು ಓಡುವಾಗ ಇನ್ನೊಬ್ಬರದು ನಿಂತಿರಬೇಕು. ಅದಕ್ಕಾಗಿ ಅವರಿಬ್ಬರೂ ಯಾವತ್ತೂ ಜಗಳವಾಡಿರಲಿಲ್ಲ. "ನಿಂದಾಗ್ಲಿ ಬುಡಕ್ಕ, ಆಮೇಲೆ ನಂದು," ಎನ್ನುತ್ತಿದ್ದಳು ಶಾಂತಿ.

ಜಾಬ್ ಶುರುವಾಗಿದೆ ಎಂಬ ಮೇಲ್ ಕುಮಾರಿಯ ಮೊಬೈಲಿಗೆ ಬಂದಾಗ ಅವಳು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಳು. ಅರ್ಧ ದಿನ ರಜೆ ಕೇಳಿಕೊಂಡು ಹೊರಡೋಣ ಎಂದು ಎದ್ದಳು. ಅಷ್ಟರಲ್ಲಿ ಪ್ರಿನ್ಸಿಪಾಲರೇ ಬಂದು, ಪರೀಕ್ಷೆಯ ಮೇಲ್ವಿಚಾರಣೆಗೆ ಇಬ್ಬರು ಕಾಯಂ ಲೆಕ್ಚರರುಗಳು ಬಂದಿಲ್ಲ, ಇವತ್ತೂ ನಾಳೆಯೂ ನೀವೇ ನಿಲ್ಲಬೇಕು ಎಂದರು. ಅತಿಥಿಗಳು ಇಲ್ಲ ಎನ್ನುವ ಪದ್ಧತಿ ಇಲ್ಲ. ಕುಮಾರಿ ಎರಡು ದಿನ ಬೆಂಚುಗಳ ನಡುವೆ ಓಡಾಡುತ್ತ, ಹುಡುಗರು ಚೀಟಿ ತೆಗೆಯದಂತೆ ನೋಡಿಕೊಂಡಳು. ಬೆಂಗಳೂರಿನಲ್ಲಿ ಹದಿನಾರು ಮಷೀನು ಅವಳಿಗಾಗಿ ನಿದ್ದೆ ಹೊಡೆಯುತ್ತಿದ್ದವು.

ಶಾಂತಿಗೆ ಒಂದು ಫೋನು ಮಾಡಬಹುದಿತ್ತು. ಅದನ್ನು ತೆಗೆದುಬಿಡು ಎನ್ನಬಹುದಿತ್ತು, ಅಥವಾ ನನ್ನ ಲೆಕ್ಕ ಶುರು ಮಾಡು ಎನ್ನಬಹುದಿತ್ತು. ಬೆರಳು ಎರಡು ಸಲ ಅವಳ ನಂಬರಿನ ತನಕ ಹೋಗಿ ಬಂತು. ಆದರೆ ಫೋನು ಮಾಡಿದರೆ ಟವಲಿನ ಕಥೆ ಹೇಳಬೇಕು. ಆ ಟವಲಿನಿಂದಾಗಿ ನಿಂತೇ ಇರುವವಳು ಶಾಂತಿಯೇ ಎಂದೂ ಹೇಳಬೇಕಾಗುತ್ತಿತ್ತು. ಕುಮಾರಿಗೆ ನಾಚಿಕೆಯಾಯಿತು. ನಾಳಿದ್ದು ಹೋಗುತ್ತೇನಲ್ಲ ಎಂದು ಮೊಬೈಲು ಚೀಲಕ್ಕೆ ಹಾಕಿದಳು.

ಮೂರನೇ ದಿನ ಕ್ಯಾಂಪಸ್ಸಿಗೆ ಕಾಲಿಡುತ್ತಲೇ ಕಾರಿಡಾರಿನಲ್ಲಿ ಮಲ್ಲಿಕಾರ್ಜುನಸ್ವಾಮಿ ಸಿಕ್ಕರು. ಮುಖ ಕೆಂಪಗಿತ್ತು.

"ನೋಡಿದ್ರಾ ಕುಮಾರಿ, ಶಾಂತಿ ಮಾಡಿದ ಘನಂದಾರಿ ಕೆಲಸ?" ಎಂದರು. "ಹದಿನಾರು ಮಷೀನ್ ಹಿಡ್ಕೊಂಡು ಎರಡು ದಿನ ಏನೂ ಮಾಡದೆ ಬಿಟ್ಟಿದ್ದಾಳೆ. ಬೆಂಗಳೂರಿನವರು ಅದನ್ನ ತೆಗೆದುಹಾಕಿ ಮೇಲ್ ಕಳಿಸಿದ್ರು, ಇಡೀ ಖಾತೆ ನಿಲ್ಲಿಸ್ತೀವಿ ಅಂತ. ನನ್ನ ಇಷ್ಟು ವರ್ಷದ ಸರ್ವಿಸ್ಸಲ್ಲಿ ಇಂಥ ಮಾತು ಕೇಳಿರಲಿಲ್ಲ. ನಂದೇ ಸಾರ್ ಅಂತ ಅವಳೇ ಒಪ್ಕೊಂಡ್ಲು. ನಾನು ಹಾಗೇ ಬರೆದು ಕ್ಷಮೆ ಕೇಳಿದೆ. ಈ ತಿಂಗಳು ಪೂರ್ತಿ ಅವಳ ಕೆಲಸ ಬಂದ್. ಪುಣ್ಯಕ್ಕೆ ನಿಮ್ದು ಉಳೀತು. ಹೋಗಿ, ಇವತ್ತೇ ಹಾಕಿ."

ಕುಮಾರಿ ಚೀಲ ಹೆಗಲಿಗೇರಿಸಿಕೊಂಡಳು. "ಸರಿ ಸರ್," ಎಂದಳು.

ಲ್ಯಾಬಿನಲ್ಲಿ ಶಾಂತಿ ಕಂಪ್ಯೂಟರು ಆರಿಸಿಕೊಂಡು ಯಾವುದೋ ಪುಸ್ತಕ ಓದುತ್ತ ಕೂತಿದ್ದಳು. ತಲೆಯೆತ್ತಿ, "ಬಂದ್ಯಾ ಅಕ್ಕ, ಬೇಗ ಆಕು ನಿಂದು, ಕ್ಯೂ ಉದ್ದ ಆಯ್ತದೆ," ಎಂದಳು. ಬೇರೆ ಏನೂ ಹೇಳಲಿಲ್ಲ. ಅವಳು ಯಾಕೆ ಒಪ್ಪಿಕೊಂಡಳು? ಯಾವುದನ್ನೋ ತಾನೇ ತಪ್ಪಾಗಿ ಹಾಕಿಬಿಟ್ಟಿರಬೇಕು ಎಂದು ಹೆದರಿದ್ದಾಳೆ ಎಂದು ಕುಮಾರಿ ತನಗೆ ತಾನೇ ಹೇಳಿಕೊಂಡಳು. ಹಾಗೆ ಅಂದುಕೊಳ್ಳುವುದು ಎಲ್ಲಕ್ಕಿಂತ ಸುಲಭವಾಗಿತ್ತು. ತನ್ನ ಲೆಕ್ಕವನ್ನು, ಈ ಸಲ ನಿಜವಾದದ್ದನ್ನು, ಮೂರು ಸಲ ಪರೀಕ್ಷಿಸಿ ಕ್ಯೂಗೆ ಹಾಕಿದಳು. ಆಮೇಲೆ ಇಬ್ಬರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿದರು. ಶಾಂತಿಯ ಮಗುವಿಗೆ ಹಲ್ಲು ಬರುತ್ತಿದೆಯಂತೆ, ಅದರ ಮಾತಾಡಿದರು.

ಬಾಯೊಳಗೆ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಜಾಬ್ ಮುಗಿಯಲಿ, ಮುಗಿದ ಮೇಲೆ ಹೇಳಿಬಿಡುತ್ತೇನೆ ಎಂದು ಕುಮಾರಿ ನಿಶ್ಚಯಿಸಿದಳು. ಕ್ಯೂ ಮೆಲ್ಲಗೆ ಸರಿಯುತ್ತಿತ್ತು. ಅವಳು ರಜೆ ಹಾಕಿಕೊಂಡು ಮತ್ತೆ ಮತ್ತೆ ಬಂದು ನೋಡಿದಳು. ಬಂದಾಗಲೆಲ್ಲ ಶಾಂತಿ ಆರಿದ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದಳು. ಕೆಲಸವಿಲ್ಲದಿದ್ದರೂ ಯಾಕೆ ಬರುತ್ತೀ ಎಂದು ಕೇಳಿದ್ದಕ್ಕೆ, ಮನೆಯಲ್ಲಿದ್ದರೆ ಓದು ಬಿಟ್ಟೆ ಅಂದ್ಕೊತಾರೆ ಎಂದಳು. ಸರ್ ಅವಳೊಡನೆ ಮಾತು ಬಿಟ್ಟಿದ್ದರು. ಬಾಗಿಲಿಂದ ಇಣುಕಿ, ಕುಮಾರಿಯನ್ನು ಮಾತ್ರ ಮಾತಾಡಿಸಿ ಹೋಗುತ್ತಿದ್ದರು. ಆ ಒಂದೊಂದು ಮಾತೂ ಕುಮಾರಿಗೆ ಕಪಾಳಕ್ಕೆ ಬಿದ್ದಂತಾಗುತ್ತಿತ್ತು.

ಕೊನೆಗೆ ಗಂಡನ ಹತ್ತಿರ ಹೇಳಿಕೊಂಡಳು.

"ನಾನೇಳಿದ್ದು ಬಸ್ಸಿನ ಮಾತು ಕಣಮ್ಮಿ," ಎಂದ. "ಟವಲ್ ಆಕ್ದೋನು ಅದ್ರ ಇಂದೇನೇ ಅತ್ಬೇಕು. ಅತ್ದೆ ಓದ್ರೆ ಯಾರ್ ಬುಡ್ತಾರೆ? ಎತ್ತಿ ಆಚ್ಗೆ ಎಸ್ದು ಕೂತ್ಕೊತಾರೆ."

"ಈಗೇನ್ ಮಾಡ್ಲಿ ಹೇಳಿ."

"ನಿಂಗೊತ್ತಿಲ್ವಾ? ನನ್ ಬಾಯಲ್ಯಾಕೆ ಏಳಿಸ್ತೀಯ," ಎಂದು ಅವನು ಎದ್ದುಹೋದ. ಕುಮಾರಿಗೆ ಸಿಟ್ಟು ಬಂತು. ಅವನ ಮೇಲಲ್ಲ.

ಮರುದಿನ ಅವಳು ಲ್ಯಾಬಿಗೆ ಬಂದಾಗ ಶಾಂತಿ ಇನ್ನೂ ಕ್ಯಾಂಟೀನಿನಲ್ಲಿದ್ದಳು. ಪರದೆಯ ಮೇಲೆ ಕುಮಾರಿಯ ಜಾಬ್ ಕ್ಯೂನಲ್ಲಿ ಎರಡನೆಯದಾಗಿತ್ತು. ಸಂಜೆಯೊಳಗೆ ಶುರುವಾಗುವುದು ಖಂಡಿತ. ತಿಂಗಳು ಮುಗಿಯಲು ಇನ್ನೂ ಸಾಕಷ್ಟು ದಿನವಿತ್ತು. ಚಿತ್ರಗಳನ್ನು ತೆಗೆದು, ಅಧ್ಯಾಯ ಬರೆದು, ಪ್ರಬಂಧ ಕೊಡಬಹುದಿತ್ತು. ಕುಮಾರಿ ಆ ಸಾಲನ್ನೇ ನೋಡುತ್ತ ಕೂತಳು. ಇಷ್ಟು ವರ್ಷದಲ್ಲಿ ಅವಳಿಗೆ ಬೇಕಾದದ್ದು ಇಷ್ಟು ಹತ್ತಿರ ಬಂದದ್ದೇ ಇಲ್ಲ. ಬಂದಾಗ ಸಂತೋಷವಾಗಲಿಲ್ಲ, ಸುಸ್ತೇ ಆಯಿತು. ಬೆಂಗಳೂರಿನಿಂದ ಬರುವ ಮೇಲ್‌ಗಳ ಕೊನೆಯಲ್ಲಿ ಒಂದು ಫೋನ್ ನಂಬರು ಇರುತ್ತದೆ. ಆ ನಂಬರಿಗೆ ಫೋನು ಮಾಡಿದಳು.

ಮಷೀನುಗಳ ಉಸ್ತುವಾರಿ ನೋಡುವ ನಾಗಲಕ್ಷ್ಮಿ ಎಂಬುವರು ಎತ್ತಿಕೊಂಡರು. ಕುಮಾರಿ ಉಸಿರು ಬಿಡದೆ ಹೇಳಿದಳು. ಖಾಲಿ ಜಾಬ್ ಹಾಕಿದ್ದು ತಾನು, ಶಾಂತಿಯಲ್ಲ, ಶಾಂತಿಗೆ ಏನೂ ಗೊತ್ತಿಲ್ಲ ಎಂದು.

ಆ ಕಡೆಯಿಂದ ನಿಟ್ಟುಸಿರು ಕೇಳಿತು. "ಗೊತ್ತು ಮೇಡಂ," ಎಂದರು ನಾಗಲಕ್ಷ್ಮಿ. "ಆ ಜಾಬ್ ಬಂದಿದ್ದು 'ಬೆಂಕಿ' ಫೋಲ್ಡರಿಂದ. ನನಗೂ ಓದೋಕೆ ಬರುತ್ತಲ್ಲ. ಆ ಹುಡುಗಿ ನನಗೆ ಫೋನ್ ಮಾಡಿದ್ಲು. ನಂದೇ ಅಂತ ಬರ್ಕೊಳ್ಳಿ ಮೇಡಂ, ಅಕ್ಕನಿಗೆ ಈ ತಿಂಗಳೇ ಕೊನೆ, ನನಗಿನ್ನೂ ಮೂರು ವರ್ಷ ಇದೆ ಅಂದ್ಲು. ನಿಮ್ಮ ಸರ್ ಕೂಡ ಹಾಗೇ ಬರೆದು ಕಳಿಸಿದ್ರು. ನಾನು ಕಣ್ಮುಚ್ಚಿಕೊಂಡೆ."

ಕುಮಾರಿ ಮುಚ್ಚಿಟ್ಟದ್ದು ಸರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಟೀ ಕುಡಿಯುವಾಗ ಮಗುವಿನ ಹಲ್ಲಿನ ಮಾತಾಡಿದ ಶಾಂತಿಗೆ ಎಲ್ಲವೂ ಗೊತ್ತಿತ್ತು. ಕುಮಾರಿ ಹೇಳಲೆಂದು ಅವಳು ಕಾದಿದ್ದಳೋ, ಹೇಳದಿರಲಿ ಎಂದು ಕಾದಿದ್ದಳೋ, ದೇವರೇ ಬಲ್ಲ.

"ಮೇಡಂ, ಒಂದು ಮಾತು," ಎಂದರು ನಾಗಲಕ್ಷ್ಮಿ. "ಈಗಲೂ ಫೋನ್ ಇಟ್ಟುಬಿಡಿ, ನಾನು ಏನೂ ಕೇಳಿಸಿಕೊಂಡಿಲ್ಲ. ನೀವೇ ಬಾಯಿಬಿಟ್ಟು ಹೇಳಿದ್ದೀರಿ ಅಂತಾದರೆ ನಾನು ಸುಮ್ಮನಿರೋಕಾಗಲ್ಲ. ಆಕೆಯ ಕೆಲಸ ಬಿಟ್ಟು ನಿಮ್ಮ ಕೆಲಸ ನಿಲ್ಲಿಸಬೇಕಾಗುತ್ತೆ. ತಿಂಗಳು ಮುಗಿಯೋವರೆಗೆ 'ಬೆಂಕಿ' ಯಾರ ಕೈಯಿಂದಲೂ ಓಡೋ ಹಾಗಿಲ್ಲ."

"ನಿಲ್ಲಿಸಿ ಮೇಡಂ."

"ಕ್ಯೂನಲ್ಲಿ ನಿಮ್ಮದು ಎರಡನೇದಾಗಿದೆ."

"ನೋಡ್ತಾ ಇದೀನಿ. ನಾನೇ ತೆಗೀತೀನಿ," ಎಂದಳು ಕುಮಾರಿ.

ಹಾಕಲು ಅಷ್ಟು ಕಷ್ಟಪಟ್ಟ ಜಾಬನ್ನು ತೆಗೆಯಲು ಒಂದು ಸಾಲು ಟೈಪು ಮಾಡಿದ್ದೇ ಸಾಕಾಯಿತು. ಕೆಳಗಿದ್ದವರೆಲ್ಲ ಒಂದೊಂದು ಹೆಜ್ಜೆ ಮೇಲೆ ಬಂದರು. ಕುಮಾರಿ ಎದ್ದು ಹೋಗಿ ಸರ್ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಮಲ್ಲಿಕಾರ್ಜುನಸ್ವಾಮಿ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನು ಮಾಡಿಕೊಂಡ್ರಿ ಅಮ್ಮಾ," ಎಂದರು. ಬೈದಿದ್ದರೇ ವಾಸಿ ಇತ್ತು ಅನ್ನಿಸಿತು ಅವಳಿಗೆ.

ಬೈದವಳು ಶಾಂತಿ. ಕ್ಯಾಂಟೀನಿನಿಂದ ಬಂದು, ಪರದೆ ನೋಡಿ, ಏನಾಯಿತೆಂದು ಕೇಳಿ ತಿಳಿದು, ಕಣ್ಣಲ್ಲಿ ನೀರು ತಂದುಕೊಂಡು ಬೈದಳು.

"ಯಾಕಕ್ಕ ಹೇಳ್ದೆ? ಇವತ್ತೊಂದಿನ ತಡ್ಕೊಂಡಿದ್ರೆ ಮುಗ್ದೋಗದಲ್ಲ! ಸಾರ್ ಕೈಲಿ ಅಷ್ಟು ಮಾತು ಅನ್ನಿಸ್ಕೊಂಡಿದ್ದು ಏನಕ್ಕೆ ನಾನು? ಎಲ್ಲಾ ನೀರಿಗಾಕ್ಬುಟ್ಟೆ."

"ನಿನ್ ಪಕ್ಕ ಕೂತು ಟೀ ಕುಡಿಯಕ್ಕಾಗ್ತಿರ್ಲಿಲ್ಲ ಕಣಮ್ಮಿ," ಎಂದಳು ಕುಮಾರಿ.

"ಕೆಲ್ಸ ಓಯ್ತದಲ್ಲಕ್ಕ ನಿಂದು."

"ಓಯ್ತದೆ."

ಹಾಗೆ ಹೇಳುವಾಗ ಕುಮಾರಿಗೆ ಅಳು ಬರಬೇಕಿತ್ತು, ಬರಲಿಲ್ಲ. ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಇನ್ನು ಕಾಯಬೇಕಾಗಿಲ್ಲ. ಆಗಿರುವುದು ದೊಡ್ಡ ನಷ್ಟ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋಗಿ ಹೇಳಬೇಕು, ಕಾಲೇಜಿನಲ್ಲಿ ಹೇಳಬೇಕು, ಮೇಡಂ ಮೇಡಂ ಎನ್ನುವ ಬೇಗೂರಿನವರಿಗೆ ಏನಾದರೊಂದು ಹೇಳಬೇಕು. ಅದೆಲ್ಲ ಇವತ್ತಲ್ಲ. ಇವತ್ತು ಅವಳ ತಲೆಯಲ್ಲಿದ್ದದ್ದು ಬೇರೆ. ಒಂದು ಸಲವೂ ಕೊನೆ ಮುಟ್ಟದ ಆ ಬೆಂಕಿ, ಏಣಿನ ಹತ್ತಿರ ಹೋಗಿ ಏನಾಯಿತೆಂದು ಹೇಳದೆ ಆರಿಹೋದ ಬೆಂಕಿ.

"ಶಾಂತಿ, ನಿನ್ ಮಳೆ ಈಗ್ಲೇ ಕ್ಯೂಗೆ ಹಾಕು. ಅದು ಮುಗಿದ್ಮೇಲೆ, ಮುಂದಿನ ತಿಂಗ್ಳಾದ್ರೂ ಸರಿ, ನಂದೂ ಒಂದ್ಸಲ ಓಡ್ಸು."

ಶಾಂತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟೊತ್ಗೆ ತಾರೀಕು ಮುಗ್ದೋಗಿರ್ತದಲ್ಲಕ್ಕ. ಇನ್ನೇನಕ್ಕೆ ಬೇಕು ಅದು?"

"ತಾರೀಕು ಓಗ್ಲಿ ಬುಡು," ಎಂದಳು ಕುಮಾರಿ. "ಅದು ಬೆಟ್ಟ ದಾಟ್ತದಾ ಇಲ್ವಾ ಅಂತ ನೋಡ್ಬೇಕು ನಾನು."

ಶಾಂತಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಎಷ್ಟೊತ್ತು ಕೇಳ್ಬೇಕು ಹೇಳು. ಕಮ್ಮಿ ಹೇಳ್ಬೇಡ," ಎಂದಳು.